ಪಟ್ಟೇದಾರ್, ಕಬ್ಜೇದಾರ್

ನಮ್ಮೂರಿಗೆ ಹೆಳವರು ಬರುವುದು ರಾಶಿ ಮುಗಿದ ಮೇಲೆ. ಜೋಳ ಮನೆಯೊಳಗೆ ಬಂದಿರಬೇಕು, ಕೊಡುವವರ ಕೈ ಸ್ವಲ್ಪ ಸಡಿಲಾಗಿರಬೇಕು. ಹಿಂದೆ ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಬರುತ್ತಿದ್ದರಂತೆ. ನಾನು ಕಂಡ ಹೆಳವ ಮೋಟರ್ ಸೈಕಲ್ ಮೇಲೆ ಬಂದ. ಗಂಟೆ ಮಾತ್ರ ಹಳೆಯದೇ ಇತ್ತು, ಹ್ಯಾಂಡಲಿಗೆ ಕಟ್ಟಿಕೊಂಡಿದ್ದ. ಕಟ್ಟೆಯ ಮೇಲೆ ಕಂಬಳಿ ಹಾಸಿದೆವು. ಚಹಾ ಕುಡಿದು, ಬಾಯಿ ಒರೆಸಿಕೊಂಡು, ಕೆಂಪು ಅರಿವೆಯಲ್ಲಿ ಸುತ್ತಿದ್ದ ವಹಿ ಬಿಚ್ಚಿದ. ಬಿಚ್ಚಿದನೇ ಹೊರತು ಅದರ ಕಡೆ ನೋಡಲಿಲ್ಲ. ಕಣ್ಣು ಮುಚ್ಚಿ ಒಂದೇ ಉಸಿರಿನಲ್ಲಿ ಶುರು ಮಾಡಿದ. ನಮ್ಮ ಮೂಲಪುರುಷ ಯಾವ ಊರು ಬಿಟ್ಟು ಬಂದ, ಯಾವ ಬರಗಾಲಕ್ಕೆ ಬಂದ, ಅವನ ಮಕ್ಕಳೆಷ್ಟು, ಯಾರ ಬಳ್ಳಿ ಹಬ್ಬಿತು, ಯಾರದು ಒಣಗಿತು. ಏಳು ತಲೆಮಾರು ದಾಟಿ ನಮ್ಮ ಅಜ್ಜನ ಹತ್ತಿರ ಬಂದಾಗ ದನಿ ಒಂದು ಮೆಟ್ಟಿಲು ಏರಿತು. ಎಂಟೆಕರೆ ಹೊಲ ಕೂಡಿಸಿದ ಧಣಿ, ಅಲಾಯಿ ದೇವರ ಹಿಡಿದ ಮನೆತನದವ, ಹಸಿದು ಬಂದವರಿಗೆ ಇಲ್ಲ ಅನ್ನಲಾರದವ.

ನಮ್ಮಪ್ಪ ಎರಡು ಚೀಲ ಜೋಳ ಮತ್ತು ಐನೂರು ರೂಪಾಯಿ ಕೊಟ್ಟ. ನಾನು ಆಗ ಕಲಬುರಗಿಯಲ್ಲಿ ಎಂ.ಎ. ಓದುತ್ತಿದ್ದೆ. ಫೋನಿನಲ್ಲಿ ಅಷ್ಟೂ ರೆಕಾರ್ಡ್ ಮಾಡಿಕೊಂಡು, ಕಥೆಗಾರನಾಗುವುದಕ್ಕೆ ಇನ್ನೇನು ಬೇಕು ಅಂದುಕೊಂಡೆ.

'ಕೂಡಿಸಿದ' ಅನ್ನುವ ಶಬ್ದದ ಮೇಲೆ ಆಗ ನನ್ನ ಕಿವಿ ನಿಲ್ಲಲಿಲ್ಲ.

ಅಜ್ಜನ ಬಗ್ಗೆ ನಮ್ಮ ಮನೆಯಲ್ಲಿ ಒಂದು ಸುದ್ದಿ ಮೊದಲಿನಿಂದ ಇತ್ತು. ಪೋಲೀಸ್ ಆಕ್ಷನ್ ಹೊತ್ತಿನಲ್ಲಿ ಅವನು ಒಂದು ಸಾಬರ ಮನೆತನವನ್ನು ಉಳಿಸಿದ ಎಂಬುದು. ಶಹಾಪುರ ಸೀಮೆಯ ಊರುಗಳಲ್ಲಿ ಇಂಥ ಸುದ್ದಿ ಅನೇಕ ಮನೆಗಳಲ್ಲಿವೆ. ಕೆಲವು ಖರೇನೂ ಇವೆ. ಆ ಒಂದು ಸಾಲಿಗೆ ಹೆಳವ ಹೇಳಿದ ಬಣ್ಣ ಬೆರೆಸಿ ನಾನೊಂದು ಕಥೆ ಬರೆದೆ. ಕಥೆಯಲ್ಲಿ ಅಜ್ಜ ಆ ಗಂಡ, ಹೆಂಡತಿ, ಕೂಸನ್ನು ಹಗೇವಿನಲ್ಲಿ ಬಚ್ಚಿಡುತ್ತಾನೆ. ನೆಲದೊಳಗೆ ಕತ್ತಲು, ಜೋಳದ ವಾಸನೆ, ಮೇಲೆ ಕುದುರೆ ಕಾಲಿನ ಸಪ್ಪಳ. ಕೂಸು ಅಳದಂತೆ ತಾಯಿ ಬಾಯಿ ಮುಚ್ಚುತ್ತಾಳೆ. ಕೊನೆಗೆ ಅವರು ಹೋಗುವಾಗ ಗಂಡ ತನ್ನ ಹೊಲದ ಕಾಗದ ಕೊಡಲು ಬರುತ್ತಾನೆ. ಅಜ್ಜ ಕೈ ಹಿಂದೆ ತೆಗೆದುಕೊಂಡು, ಇದು ನಿಂದು, ನಿನ್ನ ಹತ್ತಿರ ಇರಲಿ, ಅನ್ನುತ್ತಾನೆ. ಈ ಕಾಗದದ ಪ್ರಸಂಗ ಯಾರೂ ಹೇಳಿದ್ದಲ್ಲ. ಕಥೆ ಮುಗಿಸಲು ಏನಾದರೂ ಬೇಕಿತ್ತು, ಹೊಳೆಯಿತು, ಬರೆದೆ. ಕಾಲೇಜಿನ ಸ್ಪರ್ಧೆಯಲ್ಲಿ ಬಹುಮಾನ ಬಂತು. ತೀರ್ಪುಗಾರರು ಅದೇ ಮುಗಿತಾಯವನ್ನು ಎತ್ತಿ ಹೇಳಿ ಹೊಗಳಿದರು.

ರಜೆಗೆ ಊರಿಗೆ ಹೋದಾಗ ಸೋದರತ್ತೆಗೆ ಅದನ್ನು ಓದಿ ಹೇಳಿದೆ. ಗಂಡ ತೀರಿದ ಮೇಲೆ ತವರಿಗೇ ಬಂದು ನಿಂತ ಹಿರಿಯಳು. ಗದ್ಲದ ಹೊತ್ತಿನಲ್ಲಿ ಎಂಟೊಂಬತ್ತು ವರ್ಷದ ಹುಡುಗಿ. ಅಕ್ಷರ ಬಾರದು. ಅವರೆಕಾಯಿ ಸುಲಿಯುತ್ತ ಕೇಳಿದಳು. ಹಗೇವು ಬಂದ ಕೂಡಲೇ ಕೈ ನಿಂತಿತು.

"ಏನೋ ಯಪ್ಪಾ, ಹಗೇವಿನ್ಯಾಗ ಮಂದಿ ಕುಂದ್ರತಾರೇನು? ಉಸಿರು ಕಟ್ಟಿ ಸಾಯ್ತಾರ. ಹಗೇವು ತೆಗದ ದಿನ ಮೊದಲ ಕಂದೀಲ ಇಳಿಬಿಟ್ಟು ನೋಡತಿದ್ರು. ದೀಪ ಆರ್ತಂದ್ರ ಯಾರೂ ಇಳೀತಿದ್ದಿಲ್ಲ. ಅವ್ರು ಕುಂತಿದ್ದು ಕೊಟ್ಟಿಗಿ ಅಟ್ಟದ ಮ್ಯಾಲ, ಕಣಿಕಿ ಸಿವುಡಿನ ಹಿಂದ. ನಾನೇ ನೀರು ಒಯ್ದು ಕೊಟ್ಟೀನಿ."

ನಾನು ನಗುತ್ತ, ಆಯ್ತು, ಅಟ್ಟ ಅಂತ ತಿದ್ದತೀನಿ ಅಂದೆ. ಹಗೇವು ಬಿಡುವುದಕ್ಕೆ ಮನಸ್ಸಿರಲಿಲ್ಲ ಅನ್ನುವುದೂ ನಿಜ. ಮುಂದೆ ಓದಿದೆ. ಮುಗಿದ ಮೇಲೆ ಅತ್ತೆ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: "ಮತ್ತ ಹೊಲದ್ದು ಹಂಗ್ಯಾಕ ಬರ್ದಿ?"

"ಯಾವ ಹೊಲ ಅತ್ತಿ?"

"ಏನಿಲ್ಲ ಬಿಡು. ಚೊಲೋ ಅದ ಕತಿ."

ಇಷ್ಟೇ ಆದದ್ದು. ಆದರೆ ಯಾದಗಿರಿ ಸ್ಟೇಶನ್ನಿನಲ್ಲಿ ರೈಲಿಗೆ ಕಾಯುತ್ತ ಕುಳಿತಾಗ ಆ ಪ್ರಶ್ನೆ ತಲೆಯೊಳಗೆ ತಿರುಗಿತು. ನಾನು ಸುಳ್ಳಾಗಿ ಕಟ್ಟಿದ್ದ ಒಂದೇ ಒಂದು ಪ್ರಸಂಗದ ಮೇಲೆ ಅವಳು ಬೆರಳಿಟ್ಟಿದ್ದಳು.

ಮುಂದಿನ ಸಲ ಬಂದಾಗ ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ಮನೆತನದ ಚರಿತ್ರೆ ಹುಡುಕುವವರು ಮೊದಲು ಮಾಡಬೇಕಾದ ಕೆಲಸವನ್ನು ನಾನು ಕೊನೆಗೆ ಮಾಡಿದೆ. ಮೇಲೆ ಅಪ್ಪನ ಮಾರ್ಕ್ಸ್ ಕಾರ್ಡು, ಗೊಬ್ಬರದಂಗಡಿಯ ಚೀಟಿ, ಸೊಸೈಟಿ ಸಾಲದ ಪುಸ್ತಕ. ತಳದಲ್ಲಿ ಹಳದಿ ಬಟ್ಟೆಯ ಗಂಟು. ಬಿಚ್ಚಿದರೆ ಉರ್ದು ಕಾಗದಗಳು, ಸಣ್ಣ ಸಣ್ಣ ಚೀಟಿ ಇಪ್ಪತ್ತಕ್ಕೂ ಹೆಚ್ಚು, ಒಂದೆರಡು ದೊಡ್ಡವು. ಹೈದರಾಬಾದ್ ಸಂಸ್ಥಾನದಲ್ಲಿದ್ದ ನಮ್ಮ ಕಡೆ ಯಾರ ಮನೆಯ ಟ್ರಂಕು ತೆಗೆದರೂ ಹೀಗೆಯೇ. ಮನೆಯ ಮಾತು ಕನ್ನಡ, ಕಾಗದದ ಮಾತು ಉರ್ದು. ಮೊಮ್ಮಕ್ಕಳಿಗೆ ತಮ್ಮ ಹೊಲದ ಕಾಗದ ಓದಲು ಬರುವುದಿಲ್ಲ. ಅಂಥ ಗಂಟುಗಳನ್ನು ಜನ ಪೂಜೆ ಮಾಡಿ ಇಡುತ್ತಾರೆ, ಇಲ್ಲವೇ ಒಲೆಗೆ ಹಾಕುತ್ತಾರೆ.

ಸುರಪುರದಲ್ಲಿ ನಿವೃತ್ತ ಉರ್ದು ಮಾಸ್ತರೊಬ್ಬರು ಇಂಥವನ್ನು ಓದಿ ಕೊಡುತ್ತಾರೆ ಎಂದು ಗೆಳೆಯ ಹೇಳಿದ. ಹೋದೆ. ಅವರು ಚಷ್ಮಾ ಏರಿಸಿ ಒಂದೊಂದೇ ಚೀಟಿ ಬಿಸಿಲಿಗೆ ಹಿಡಿದು ನೋಡಿದರು. ಎಲ್ಲಾ ಕಂದಾಯ ಕಟ್ಟಿದ ರಸೀದಿ. "ಇಸವಿ ಫಸಲಿಯೊಳಗ ಅದ ನೋಡ್ರಿ. ಇದಕ್ಕ 590 ಕೂಡಿಸ್ರಿ, ನಿಮ್ಮ ಇಸವಿ ಸಿಗ್ತದ. ವರ್ಷ ಮಾತ್ರ ಆಜೂರ್ ತಿಂಗಳಿಂದ ಶುರು, ಅಂದ್ರ ಅಕ್ಟೋಬರ್ ಸುಮಾರು." ಕೊನೆಯ ರಸೀದಿ 1357 ಫಸಲಿಯದು. ನಾನು ಕೂಡಿಸಿದೆ. 1947ರ ಅಕ್ಟೋಬರಿನಿಂದ 1948ರ ಸೆಪ್ಟೆಂಬರಿನ ಒಳಗೆ ಬರುವ ವರ್ಷ. ಹೈದರಾಬಾದಿಗೆ ಭಾರತದ ಸೈನ್ಯ ಬಂದದ್ದು 1948ರ ಸೆಪ್ಟೆಂಬರ್ 13ಕ್ಕೆ. ನಿಜಾಮ ಶರಣಾದದ್ದು 17ಕ್ಕೆ.

"ನಿಮ್ಮ ಅಜ್ಜಾರ ಹೆಸರು ಏನಂದ್ರಿ?" ಮಾಸ್ತರು ಕೇಳಿದರು. ಹೇಳಿದೆ. ಅವರು ಮತ್ತೊಮ್ಮೆ ಚೀಟಿ ನೋಡಿದರು. "ಇವು ನಿಮ್ಮವು ಅಲ್ಲ." ಅಷ್ಟೂ ರಸೀದಿಗಳ ಮೇಲೆ ಒಬ್ಬ ಮುಸಲ್ಮಾನ ರೈತನ ಹೆಸರಿತ್ತು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಮಾಸ್ತರು ಚೀಟಿಗಳನ್ನು ಮೊದಲಿದ್ದ ಕ್ರಮದಲ್ಲೇ ಜೋಡಿಸಿ ಗಂಟು ಕಟ್ಟಿ ನನ್ನ ಕೈಗೆ ಕೊಟ್ಟರು. ಹೆಚ್ಚಿಗೆ ಏನೂ ಕೇಳಲಿಲ್ಲ. ರೊಕ್ಕ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಹೊರಗೆ ಬಂದವನಿಗೆ ಬಸ್‌ ಸ್ಟ್ಯಾಂಡಿನ ಕಡೆ ಹೋಗಲು ಆಗಲಿಲ್ಲ. ಗುಡ್ಡ ಹತ್ತಿ ಟೇಲರ್ ಮಂಜಿಲ್ ಹತ್ತಿರ ಹೋಗಿ ಕುಳಿತೆ. ಸುರಪುರದಲ್ಲಿ ಕಥೆ ಬರೆಯುವ ಯಾರಿಗಾದರೂ ಆ ಬಂಗಲೆ ಒಂದು ತೊಡಕು. ಅದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ ನಮ್ಮ ಸೀಮೆಯ ಮೊದಲ ಕಾದಂಬರಿಕಾರ ಅಂತ ತಮಾಷೆಗೆ ಹೇಳುವುದುಂಟು, ಬರೆದದ್ದು ಇಂಗ್ಲಿಷಿನಲ್ಲಾದರೂ. ನಿಜಾಮನ ನೌಕರಿಯಲ್ಲಿದ್ದಾಗ ಠಕ್ಕರ ಬಗ್ಗೆ ಕೇಳಿ ತಿಳಿದದ್ದನ್ನು ಕಾದಂಬರಿ ಮಾಡಿ 1839ರಲ್ಲೇ ಲಂಡನ್ನಿನಲ್ಲಿ ಹೆಸರು ಮಾಡಿದ್ದ. 1840ರ ದಶಕದಲ್ಲಿ ಸುರಪುರಕ್ಕೆ ಬ್ರಿಟಿಷರ ಏಜೆಂಟನಾಗಿ ಬಂದು ಹತ್ತು ವರ್ಷದ ಮೇಲೆ ಇದ್ದ. ಇನ್ನೂ ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನನ್ನು ಬೆಳೆಸಿದ. ಹುಡುಗ ಅವನನ್ನು ಅಪ್ಪಾ ಅಂತಲೇ ಕರೆಯುತ್ತಿದ್ದ. ಶಹಾಪುರದ ಹತ್ತಿರ ವಿಭೂತಿಹಳ್ಳಿಯ ಬಯಲಿನಲ್ಲಿ ಸಾಲು ಸಾಲಾಗಿ ಇಟ್ಟಿರುವ ಆ ಹಳೆಯ ಕಾಲದ ಗುಂಡುಗಳ ಬಗ್ಗೆ ಬರೆದವನೂ ಅವನೇ. 1858ರಲ್ಲಿ ಅದೇ ವೆಂಕಟಪ್ಪ ನಾಯಕ ಬ್ರಿಟಿಷರ ಮೇಲೆ ಎದ್ದ, ಸೋತ, ಹೈದರಾಬಾದಿನಲ್ಲಿ ಸೆರೆಯಾದ. ಶಿಕ್ಷೆಗೆ ಸಾಗಿಸುವಾಗ ದಾರಿಯಲ್ಲಿ ಗುಂಡು ತಗಲಿ ಸತ್ತ. 1860ರಲ್ಲಿ ಸುರಪುರ ಸಂಸ್ಥಾನ ನಿಜಾಮನ ಪಾಲಾಯಿತು.

ಟೇಲರನ ಆತ್ಮಕಥೆ ಅವನು ಸತ್ತ ಮರುವರ್ಷ, 1877ರಲ್ಲಿ ಪ್ರಕಟವಾಯಿತು. ಸೆರೆಮನೆಯಲ್ಲಿ ಆ ಹುಡುಗನನ್ನು ಕಂಡ ಭಾಗ ಅದರಲ್ಲಿದೆ. ಓದಿದರೆ ಕಣ್ಣು ತೇವವಾಗುತ್ತದೆ, ನನಗೂ ಆಗಿದೆ. ಆ ಪ್ರೀತಿ ಸುಳ್ಳೆಂದು ನನಗೆ ಅನ್ನಿಸುವುದಿಲ್ಲ. ಆದರೆ ಅಪ್ಪಾ ಎಂದು ಕರೆದವನ ದನಿ ಉಳಿದದ್ದು ಕರೆಸಿಕೊಂಡವನ ಪುಸ್ತಕದಲ್ಲಿ ಮಾತ್ರ. ರಾಜ್ಯ ಹೋಯಿತು, ಹುಡುಗ ಹೋದ, ಪ್ರೀತಿಯ ವರ್ಣನೆ ಮಾತ್ರ ಚೆನ್ನಾಗಿ ಉಳಿಯಿತು. ತೊಡೆಯ ಮೇಲೆ ಹಳದಿ ಗಂಟು ಇಟ್ಟುಕೊಂಡು ಆ ಬಂಗಲೆಯ ಮುಂದೆ ಕುಳಿತಾಗ, ನನ್ನ ಬಹುಮಾನದ ಕಥೆ ಅದೇ ಕೆಲಸ ಮಾಡಿತ್ತೆಂದು ಮೊದಲ ಸಲ ಅನ್ನಿಸಿತು.

ಆಮೇಲೆ ತಹಸೀಲ್ ಕಚೇರಿ. ಈಗಿನ ಪಹಣಿ ಕಂಪ್ಯೂಟರಿನಲ್ಲಿ ಎರಡು ನಿಮಿಷಕ್ಕೆ ಬರುತ್ತದೆ, ಅದರಲ್ಲಿ ನಮ್ಮಪ್ಪ ಮತ್ತು ಕಾಕಾನ ಹೆಸರಿದೆ. ಅದರಿಂದ ಏನೂ ತಿಳಿಯುವುದಿಲ್ಲ. ಬೇಕಾದದ್ದು 1954-55ರ ಖಾಸರಾ ಪಹಣಿ. ಹೈದರಾಬಾದ್ ಕರ್ನಾಟಕದ ಹೊಲಮನೆ ವ್ಯಾಜ್ಯಗಳಲ್ಲಿ ವಕೀಲರು ಹೋಗಿ ನಿಲ್ಲುವುದು ಅಲ್ಲೇ. ನಕಲಿಗೆ ಅರ್ಜಿ ಕೊಟ್ಟು, ಮೂರು ಸಲ ತಿರುಗಿ, ನಾಲ್ಕನೆಯ ಸಲ ಕೈಗೆ ಬಂತು. ಅದರಲ್ಲಿ ಎರಡು ಕಾಲಮುಗಳಿವೆ. ಒಂದು ಪಟ್ಟೇದಾರ್, ಅಂದರೆ ಹೊಲ ಯಾರ ಹೆಸರಿನಲ್ಲಿದೆ. ಇನ್ನೊಂದು ಕಬ್ಜೇದಾರ್, ಯಾರ ಕೈಯಲ್ಲಿದೆ. ಎಂಟು ಎಕರೆ ಹದಿನಾಲ್ಕು ಗುಂಟೆ. ಪಟ್ಟೇದಾರ್ ಕಾಲಮಿನಲ್ಲಿ ರಸೀದಿಯ ಮೇಲಿದ್ದ ಹೆಸರು. ಕಬ್ಜೇದಾರ್ ಕಾಲಮಿನಲ್ಲಿ ನಮ್ಮ ಅಜ್ಜ.

ಎರಡು ಗೆರೆಗಳ ನಡುವೆ ಒಂದು ಬೆರಳಿನಷ್ಟು ಜಾಗ. ಹೆಳವ 'ಕೂಡಿಸಿದ' ಅಂದದ್ದು ಆ ಜಾಗವನ್ನು.

ಮುಂದಿನದನ್ನು ಹಿಡಿಯುವುದು ಕಷ್ಟವಾಗಲಿಲ್ಲ. 1974ರ ಮಾರ್ಚಿನಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಾಗ ಅಜ್ಜ ಫಾರಂ ನಂಬರ್ 7 ಹಾಕಿದ್ದಾನೆ, ಗೇಣಿದಾರ ಅಂತ. ಇಷ್ಟು ವರ್ಷ ಉತ್ತವನು ಅವನೇ, ಎದುರಿಗೆ ತಕರಾರು ಮಾಡುವವರು ಯಾರೂ ಬರಲಿಲ್ಲ, ಹೊಲ ಅವನ ಹೆಸರಿಗಾಯಿತು. ನಮ್ಮ ರಾಜ್ಯದ ಒಳ್ಳೆಯ ಕಾಯ್ದೆಗಳಲ್ಲಿ ಅದೊಂದು. ಎಷ್ಟೋ ಬಡ ಮನೆತನಗಳು ಅದರಿಂದ ನೆಟ್ಟಗಾದವು. ನಮ್ಮ ವಿಷಯದಲ್ಲಿ ಅದೇ ಕಾಯ್ದೆ ಇನ್ನೊಂದು ಕೆಲಸಕ್ಕೂ ಬಂತು. ಆಮೇಲೆ ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಬಂತು. ಮಳೆ ನಂಬಿ ಜೋಳ ಬೆಳೆಯುತ್ತಿದ್ದ ಎರೆಹೊಲ ಭತ್ತದ ಗದ್ದೆಯಾಯಿತು. ನನ್ನ ಹಾಸ್ಟೆಲ್ ಫೀ, ಎಂ.ಎ. ಪುಸ್ತಕ, ಹೆಳವನನ್ನು ರೆಕಾರ್ಡ್ ಮಾಡಿದ ಫೋನು, ಎಲ್ಲ ಆ ಎಂಟೆಕರೆಯಿಂದ.

ಆ ದಿನಗಳ ಬಗ್ಗೆ ಓದಿದೆ. ರಜಾಕಾರರ ಹಾವಳಿಯನ್ನು ನಮ್ಮ ಕಡೆಯವರಿಗೆ ಬೇರೆ ಹೇಳಬೇಕಾಗಿಲ್ಲ. ಬೀದರ ಜಿಲ್ಲೆಯ ಗೋರಟಾ ಎಂಬ ಒಂದು ಹೆಸರು ಸಾಕು. ಪ್ರತಿ ಸೆಪ್ಟೆಂಬರ್ 17ಕ್ಕೆ ಶಾಲೆಯಲ್ಲಿ ಧ್ವಜ ಹಾರಿಸಿ ಅದನ್ನು ನೆನೆದೇ ಬೆಳೆದಿದ್ದೇವೆ. ಅದಾದ ಮೇಲಿನ ವಾರಗಳ ಸುದ್ದಿ ಶಾಲೆಯಲ್ಲಿ ಬರಲಿಲ್ಲ. ನೆಹರೂ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ 1948ರ ಕೊನೆಗೆ ಈ ಜಿಲ್ಲೆಗಳನ್ನು ಸುತ್ತಿತು. ಕಡಿಮೆ ಎಂದರೂ 27 ಸಾವಿರದಿಂದ 40 ಸಾವಿರ ಜನ ಸತ್ತಿರಬೇಕು ಎಂದು ಲೆಕ್ಕ ಹಾಕಿತು. ಹೆಚ್ಚು ಹಾನಿಯಾದದ್ದೆಂದು ಅದು ಗುರುತಿಸಿದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ ಒಂದು. ಆಗ ಯಾದಗಿರಿ, ಶಹಾಪುರ, ಸುರಪುರ ಎಲ್ಲ ಗುಲಬರ್ಗಾ ಜಿಲ್ಲೆಯೇ. ಆ ವರದಿ ದಶಕಗಳ ಕಾಲ ಹೊರಗೆ ಬರಲಿಲ್ಲ.

ಓದಿದ್ದೆಲ್ಲವನ್ನೂ ತಲೆಯಲ್ಲಿ ತುಂಬಿಕೊಂಡು ಅತ್ತೆಯ ಹತ್ತಿರ ಹೋದೆ. ಹಳದಿ ಗಂಟನ್ನು ಮುಂದಿಟ್ಟೆ. ಅವಳು ಅದನ್ನು ಮುಟ್ಟಲಿಲ್ಲ.

"ಇದು ಇನ್ನಾ ಅದ?" ಅಂದಳು. ಸ್ವಲ್ಪ ಹೊತ್ತಾದ ಮೇಲೆ ತಾನಾಗಿಯೇ ಹೇಳತೊಡಗಿದಳು. ನಾನು ರೆಕಾರ್ಡ್ ಮಾಡಲಿಲ್ಲ. ಅದೊಂದು ಬುದ್ಧಿ ಆಗ ಬಂದಿತ್ತು.

ಅವರು ಎರಡು ರಾತ್ರಿ ಅಟ್ಟದ ಮೇಲೆ ಇದ್ದರು. ಮೂರನೆಯ ದಿನ ಬೆಳಗಾಗುವುದರೊಳಗೆ ಅಜ್ಜ ಬಂಡಿ ಹೂಡಿದ. ಇದಿಷ್ಟು ನಮ್ಮ ಮನೆಯ ಸುದ್ದಿಯಲ್ಲಿ ಇದ್ದದ್ದೇ, ಮತ್ತು ಖರೇ. ಅಜ್ಜ ಸಿಕ್ಕಿಬಿದ್ದಿದ್ದರೆ ಅವನ ಜೀವವೂ ಉಳಿಯುತ್ತಿರಲಿಲ್ಲ. ಬಂಡಿ ಹತ್ತುವ ಮುಂಚೆ ಆ ಮನುಷ್ಯ ಹಳದಿ ಬಟ್ಟೆಯ ಗಂಟನ್ನು ಅಜ್ಜನ ಕೈಯಲ್ಲಿಟ್ಟ. ಜೋಪಾನ ಮಾಡು, ಗದ್ಲ ತಣ್ಣಗಾದ ಮೇಲೆ ಬರ್ತೀನಿ ಅಂದ. ಇಬ್ಬರೂ ಸಣ್ಣಂದಿನ ಗೆಳೆಯರು. ಮೊಹರಮ್ಮಿನಲ್ಲಿ ರಿವಾಯತ್ ಪದ ಹಾಡುವಾಗ ಒಬ್ಬ ಎತ್ತಿದರೆ ಇನ್ನೊಬ್ಬ ಹಿಡಿಯುತ್ತಿದ್ದ. ಆ ಮನೆತನ ಹೋದ ಮೇಲೆ ಅಲಾಯಿ ದೇವರು ಹಿಡಿಯಲು ಊರಲ್ಲಿ ಮುಸಲ್ಮಾನರು ಯಾರೂ ಉಳಿಯಲಿಲ್ಲ. ಅಜ್ಜನೇ ಹಿಡಿದ. ಇಂದಿಗೂ ನಮ್ಮ ಮನೆಯವರೇ ಹಿಡಿಯುತ್ತಾರೆ. ಮುಸಲ್ಮಾನರಿಲ್ಲದ ಊರಲ್ಲೂ ಮೊಹರಮ್ ಮಾಡುತ್ತಾರೆ ನೋಡಿ ಅಂತ ನಾವು ಹೆಮ್ಮೆಯಿಂದ ಹೇಳುತ್ತೇವೆ. ನಾನೂ ಒಂದು ಸೆಮಿನಾರಿನಲ್ಲಿ ಹೇಳಿದ್ದೆ. ಯಾಕೆ ಇಲ್ಲ ಎಂದು ಕೇಳಿರಲಿಲ್ಲ.

ಅವನು ಬರಲಿಲ್ಲ. ಎರಡು ವರ್ಷಕ್ಕೋ ಮೂರು ವರ್ಷಕ್ಕೋ ಅವಳು ಬಂದಳು, ಹುಡುಗನ ಕೈ ಹಿಡಿದುಕೊಂಡು.

"ನಮ್ಮವ್ವ ಒಳಗ ಬಾ ಅನ್ಲಿಲ್ಲ. ಹಂಗ ಯಾರಿಗೂ ಮಾಡಿದಾಕಿ ಅಲ್ಲ ನಮ್ಮವ್ವ. ಕಟ್ಟಿಮ್ಯಾಲೇ ಕುಂತ್ರು. ಆಕಿ ಕಾಗದ ಕೇಳಿದಳು. ಅಪ್ಪ ಅಂದ, ಅವೆಲ್ಲಾ ಇಲಿ ತಿಂದಾವ ತಂಗಿ, ಅಂತ. ಹೊಲ ಪಡ ಬಿದ್ದಿತ್ತು, ನಾ ಹಸನ ಮಾಡೀನಿ, ಕಂದಾಯ ಕಟ್ಟೀನಿ, ಅಂದ. ಆಕಿ ಏನೂ ಅನ್ಲಿಲ್ಲ. ಜಗಳ ಮಾಡಿದ್ರ ಚೊಲೋ ಇತ್ತು. ಆಮ್ಯಾಲ ಜೋಳ ಕೊಟ್ಟು, ಅಪ್ಪನೇ ಬಂಡಿಮ್ಯಾಲ ರಸ್ತಾಕ್ಕ ಬಿಟ್ಟುಬಂದ."

ನಾನು ಗಂಟು ಬಿಚ್ಚಿ ಮತ್ತೊಮ್ಮೆ ನೋಡಿದೆ. ಎಪ್ಪತ್ತು ವರ್ಷದ ಕಾಗದ. ಅಂಚು ಹಳದಿಯಾಗಿತ್ತು, ಮಡಿಕೆಯಲ್ಲಿ ಹರಿದಿತ್ತು. ಒಂದೇ ಒಂದು ಇಲಿಯ ಹಲ್ಲಿನ ಗುರುತಿರಲಿಲ್ಲ.

ಅವಳ ಹೆಸರು ಏನು ಎಂದು ಕೇಳಿದೆ. ಅತ್ತೆಗೆ ನೆನಪಿರಲಿಲ್ಲ. ಬೂಬಮ್ಮ ಅಂತಿದ್ವಿ ಅಂದಳು. ಅದು ಹೆಸರಲ್ಲ, ನಮ್ಮ ಕಡೆ ಎಲ್ಲ ಮುಸಲ್ಮಾನ ಹೆಣ್ಣುಮಕ್ಕಳನ್ನೂ ಹಾಗೆಯೇ ಕರೆಯುವುದು. ಗಂಡನ ಹೆಸರು ಇಪ್ಪತ್ತು ರಸೀದಿಗಳಲ್ಲಿದೆ, ಖಾಸರಾದಲ್ಲಿದೆ. ಅವಳದು ಎಲ್ಲೂ ಇಲ್ಲ. ನಮ್ಮ ಅಜ್ಜಿಯ ಹೆಸರೂ ಹೆಳವನ ಬಾಯಲ್ಲಿ ಬರಲಿಲ್ಲ ಅನ್ನುವುದು ಆಗ ನೆನಪಾಯಿತು.

ಇದನ್ನು ಬರೆಯುತ್ತೇನೆ ಎಂದಾಗ ಕಾಕಾ ಹೌಹಾರಿದ. "ನಿನಗ ತಲಿ ಸುದ್ದ ಅದ ಏನು? ನಾಳೆ ಯಾರರ ಬಂದು ಹೊಲದ ಮ್ಯಾಲ ಕೇಸ್ ಹಾಕಿದ್ರ? ಸತ್ತೋರ ಮುಖಕ್ಕ ಮಸಿ ಬಳದು ನಿನಗ ಸಾಹಿತಿ ಆಗೋದದ?" ಎರಡನೆಯ ಮಾತು ಚುಚ್ಚಿತು. ಅದರಲ್ಲಿ ಹುರುಳಿದೆ. ಮನೆಯ ಪಾಪವನ್ನು ಬಿಚ್ಚಿಟ್ಟು ಹೆಸರು ಮಾಡುವುದೂ ಒಂದು ಬಗೆಯ ಗಳಿಕೆಯೇ. ಅದೇ ಎಂಟೆಕರೆಯಲ್ಲಿ ಇನ್ನೊಂದು ಬೆಳೆ ತೆಗೆದಂತೆ. ಅಪ್ಪ ಏನೂ ಅನ್ನಲಿಲ್ಲ. ಒಂದು ರಾತ್ರಿ ಮಾತ್ರ, ಊಟ ಮಾಡುತ್ತ, ಆ ಹುಡುಗ ಈಗ ಇದ್ದರೆ ಎಷ್ಟು ವರ್ಷದವನು ಅಂತ ಕೇಳಿದ.

ಹುಡುಕಲಿಲ್ಲ ಎಂದಲ್ಲ. ಯಾದಗಿರಿ ಸ್ಟೇಶನ್ನಿನಿಂದ ರೈಲು ಹತ್ತಿ ಹೈದರಾಬಾದಿನ ಕಡೆ ಹೋದರಂತೆ ಎಂಬುದು ಒಂದೇ ಎಳೆ. ಮಾಸ್ತರ ಮೂಲಕ ಕೇಳಿಸಿದೆ. ಮೂರು ಮನೆತನದವರನ್ನು ಕಂಡೆ. ಮೂವರೂ ಬೇರೆ ಬೇರೆ ಊರು ಬಿಟ್ಟು ಬಂದವರು, ಮೂವರ ಹತ್ತಿರವೂ ತಮ್ಮದೇ ಒಂದು ಹೊಲದ ಸುದ್ದಿ ಇತ್ತು.

ಬರೆಯುವ ಕೆಲಸಕ್ಕೆ ಬರೋಣ. ಇದನ್ನು ಓದುವವರಲ್ಲಿ ತಮ್ಮ ಮನೆಯ ಟ್ರಂಕು ಇಳಿಸಲು ಹೊರಟವರು ಇದ್ದೇ ಇರುತ್ತೀರಿ, ನಾನು ಎಡವಿದ್ದು ಎಲ್ಲಿ ಎಂದು ಹೇಳಿದರೆ ತಪ್ಪಿಲ್ಲ. ಮೊದಲು ಅಜ್ಜನನ್ನು ಖಳನಾಯಕನನ್ನಾಗಿ ಮಾಡಿ ಬರೆದೆ. ಒಂದು ವಾರದಲ್ಲಿ ಮುಗಿಯಿತು, ಅಷ್ಟು ಸಲೀಸು. ಅವನನ್ನು ಬೈದಷ್ಟೂ ನಾನು ಶುದ್ಧನಾಗುತ್ತ ಹೋದೆ. ಅದು ಬಹುಮಾನದ ಕಥೆಯ ತಮ್ಮನೇ ಎಂದು ತಿಳಿಯಲು ಹೊತ್ತು ಹಿಡಿಯಿತು. ಹರಿದೆ. ಆಮೇಲೆ ಅವಳ ಬಾಯಲ್ಲಿ ಬರೆದೆ. ಅವಳಿಗೊಂದು ಹೆಸರಿಟ್ಟೆ, ಬಾಲ್ಯ ಕೊಟ್ಟೆ, ರೈಲಿನಲ್ಲಿ ಕೂಡಿಸಿದೆ. ನಾಲ್ಕು ಪುಟವಾದ ಮೇಲೆ ನೋಡಿದರೆ ಅವಳು ನಮ್ಮನ್ನು ಕ್ಷಮಿಸಲು ಸಿದ್ಧಳಾಗುತ್ತಿದ್ದಳು. ನಾನೇನು ಹೇಳಿಕೊಟ್ಟಿರಲಿಲ್ಲ, ಪೆನ್ನು ತಾನಾಗಿ ಆ ಕಡೆ ಹೊರಳಿತ್ತು. ಅದನ್ನೂ ಹರಿದೆ.

ಅಮೆರಿಕದ ಅಲೆಕ್ಸ್ ಹೇಲಿ ತನ್ನ ವಂಶದ ಬೇರು ಹುಡುಕಿಕೊಂಡು ಆಫ್ರಿಕದ ಗಾಂಬಿಯಾಕ್ಕೆ ಹೋಗಿ, ಅಲ್ಲಿ ವಂಶಾವಳಿ ಹೇಳುವವನ ಮುಂದೆ ಕುಳಿತ ಸುದ್ದಿ 'ರೂಟ್ಸ್' ಓದಿದವರಿಗೆ ಗೊತ್ತು. 1976ರ ಪುಸ್ತಕ. ಅವನ ಮುಂದೆ ಕುಳಿತವನೂ ಒಂದು ಥರ ಹೆಳವನೇ. ಹೇಲಿ ಏನು ಕೇಳಲು ಬಂದಿದ್ದನೋ ಅದನ್ನೇ ಅವನು ಹೇಳಿದ ಎಂದು ಮುಂದೆ ಇತಿಹಾಸಕಾರರು ತಕರಾರು ತೆಗೆದರು. ಅದನ್ನು ಓದಿದಾಗ ನನಗೆ ಹೇಲಿಯ ಮೇಲೆ ಸಿಟ್ಟು ಬರಲಿಲ್ಲ. ನಮ್ಮ ಕಟ್ಟೆಯ ಮೇಲೆ ಎರಡು ಚೀಲ ಜೋಳ ಎದುರಿಗಿಟ್ಟುಕೊಂಡು ಕುಳಿತಿದ್ದವನ ಏರಿದ ದನಿ ಕಿವಿಯಲ್ಲಿ ಕೇಳಿತು.

ಕೊನೆಗೆ ಒಂದು ಉದ್ದನೆಯ ನೋಟ್‌ಬುಕ್ ತಂದು ಎಡಪುಟದಲ್ಲಿ ಕಾಗದ ಹೇಳುವುದನ್ನು, ಅತ್ತೆ ಕಂಡದ್ದನ್ನು ಮಾತ್ರ ಬರೆದೆ. ಬಲಪುಟ ನನ್ನ ಊಹೆಗೆ. ಊಹೆ ಎಡಪುಟಕ್ಕೆ ದಾಟಬಾರದು. ಹಗೇವು ಇಲ್ಲ, ಅಟ್ಟ. ಕುದುರೆ ಸಪ್ಪಳ ಯಾರೂ ಕೇಳಿಲ್ಲ, ಹೊಡೆದುಹಾಕು. ಹೀಗೆ ಮಾಡುತ್ತ ಹೋದಾಗ ಬಲಪುಟಗಳು ಖಾಲಿಯಾಗುತ್ತ ಬಂದವು, ಒಂದೇ ಒಂದು ಕಡೆ ಬಿಟ್ಟು. ಇಲಿ ತಿಂದಾವ ಎಂದವನು ಆ ಕಾಗದಗಳನ್ನು ಯಾಕೆ ಸುಡಲಿಲ್ಲ? ಸುಟ್ಟಿದ್ದರೆ ಅವನಿಗೆ ಒಳ್ಳೆಯದೇ ಆಗುತ್ತಿತ್ತು. ಒಲೆ ಹತ್ತು ಹೆಜ್ಜೆ ದೂರದಲ್ಲಿತ್ತು. ಅದರ ಬದಲು ಬಟ್ಟೆಯನ್ನೂ ಬಿಚ್ಚದೆ, ಟ್ರಂಕಿನ ತಳದಲ್ಲಿಟ್ಟು, ಸಾಯುವ ತನಕ ಬೇವಿನೆಲೆ ಬದಲಿಸುತ್ತ ಬಂದ. ಒಣಗಿದ ಎಲೆಗಳು ಇನ್ನೂ ಇದ್ದವು. ಯಾವ ಕಾಲಮೂ ಇದಕ್ಕೆ ಉತ್ತರ ಹೇಳುವುದಿಲ್ಲ, ಅತ್ತೆಗೂ ಗೊತ್ತಿಲ್ಲ. ಅಲ್ಲಿಂದ ಮುಂದೆ ಕಥೆಗಾರನ ಹೊಲ ಅನ್ನಿಸಿತು. ವರ್ಷಕ್ಕೊಮ್ಮೆ ಬಾಗಿಲು ಹಾಕಿಕೊಂಡು ಹಳೆಯ ಎಲೆ ತೆಗೆದು ಹೊಸ ಎಲೆ ಇಡುವ ಮುದುಕನ ಬಗ್ಗೆ ಹನ್ನೊಂದು ಪುಟ ಬರೆದೆ. ಅವನು ಯಾಕೆ ಹಾಗೆ ಮಾಡುತ್ತಾನೆ ಎಂದು ಅದರಲ್ಲಿ ಎಲ್ಲೂ ಹೇಳಿಲ್ಲ. ಅವಳಿಗೆ ಹೆಸರಿಟ್ಟಿಲ್ಲ.

ಅದನ್ನು ಅತ್ತೆಗೆ ಓದಿ ಹೇಳಿದ್ದು ಅವಳು ಹಾಸಿಗೆ ಹಿಡಿದಿದ್ದ ಬೇಸಿಗೆಯಲ್ಲಿ. ಕಣ್ಣು ಮುಚ್ಚಿ ಕೇಳಿದಳು. ನಡುವೆ ನಿದ್ದೆ ಹತ್ತಿತೇನೋ ಎಂದು ನಿಲ್ಲಿಸಿದರೆ ಕೈಸನ್ನೆ ಮಾಡಿ ಓದು ಅಂದಳು. ಕಟ್ಟೆಯ ಮೇಲೆ ಅವಳು ಕುಳಿತಿರುವುದು ಬಂತು, ಹುಡುಗ ಬಂಡಿಯ ಗಾಲಿ ತಿರುಗಿಸಿ ಆಡುವುದು ಬಂತು. ಅಜ್ಜ ಒಳಗಿನಿಂದ ಒಂದು ಚೀಲ ಜೋಳ ಹೊತ್ತು ತಂದು ಬಂಡಿಗೆ ಹಾಕುವುದು ಬಂತು.

ಅತ್ತೆ ಕಣ್ಣು ತೆರೆದಳು.

"ಒಂದು ಚೀಲ ಅಲ್ಲೋ ಯಪ್ಪಾ. ಅರ್ಧ ಚೀಲ."

ಪೆನ್ನು ತೆಗೆದು ತಿದ್ದಿದೆ.